ಅಟ್ಟದ ಮೇಲಿನ ಕ್ಯಾಸೆಟ್ಟು, ಹಾಡಿದವರ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ, ಮುಂಬೈ, ಗೋವಾದ ಕನ್ನಡಿಗರ ಮನೆಗಳಲ್ಲಿ ಹಳೆಯ ಟೇಪುಗಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ. ಒಂದು ಮನೆಯಲ್ಲಿ ಅಪ್ಪ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ರಜೆ ಬಂತೆಂದರೆ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಅಂಕೋಲೆ, ಯಲ್ಲಾಪುರದ ಕಡೆ ಹೊರಡುತ್ತಿದ್ದರು. ಇನ್ನೊಂದು ಮನೆಯಲ್ಲಿ ಅತ್ತೆ ಸಮಾಜಕಾರ್ಯ ಓದಿದವರು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗರ ಊರುಗಳಲ್ಲಿ, ಇದ್ದು ಬಂದವರು. ಉತ್ತರ ಕನ್ನಡದ ಹಾಲಕ್ಕಿ, ಸಿದ್ದಿ, ಬೆಟ್ಟದ ಸೋಲಿಗ, ಇಂಥ ಆದಿವಾಸಿ ಸಮುದಾಯಗಳ ನಡುವೆ ಅವರು ರೆಕಾರ್ಡ್ ಮಾಡಿದ ಹಾಡು, ಕತೆ, ಮದುವೆಯ ಪದ ಎಲ್ಲ ಈಗ ಬಿಸ್ಕತ್ತಿನ ಡಬ್ಬಿಯಲ್ಲೋ ಟ್ರಂಕಿನಲ್ಲೋ ಇವೆ.

ನಾವು ಕೆಲವರು ಪುಣೆಯಲ್ಲಿ ಇಂಥ ಟೇಪುಗಳನ್ನು ಡಿಜಿಟಲ್ ಮಾಡಿ, ಹಾಡಿದ ಜನರಿಗೇ ತಲುಪಿಸುವ ಕೆಲಸದಲ್ಲಿ ಇದ್ದೇವೆ. ಫೋನ್ ಮಾಡುವವರೆಲ್ಲ ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇವೆ.

ಒಂದು ಕ್ಯಾಸೆಟ್ ವಾಪಸ್ ಕೊಡೋದಕ್ಕೆ ಇಷ್ಟೆಲ್ಲ ಯಾಕೆ? ಕೊರಿಯರ್ ಮಾಡಿದರೆ ಆಗಲ್ವಾ?

ಕೊರಿಯರ್ ಮಾಡಬಹುದು. ಆದರೆ ಕ್ಯಾಸೆಟ್ ಹಾಕಿ ಕೇಳುವ ಪ್ಲೇಯರ್ ಆ ಊರಿನಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಇದು ಸಣ್ಣ ಕಾರಣ.

ದೊಡ್ಡ ಕಾರಣ ಬೇರೆ. ಆ ಹಾಡಿನ ಬಗ್ಗೆ ಇಷ್ಟು ದಿನ ತೀರ್ಮಾನ ತೆಗೆದುಕೊಂಡವರು ಹೊರಗಿನವರು. ಯಾವುದನ್ನು ರೆಕಾರ್ಡ್ ಮಾಡಬೇಕು, ಏನೆಂದು ಹೆಸರಿಡಬೇಕು, ಎಲ್ಲಿ ಇಡಬೇಕು, ಯಾರಿಗೆ ಕೇಳಿಸಬೇಕು, ಎಲ್ಲವನ್ನೂ ಅವರೇ ನಿರ್ಧರಿಸಿದರು. ಹಾಡಿದವರನ್ನು ಒಂದು ಮಾತು ಕೇಳಿದವರು ಕಡಿಮೆ. ವಾಪಸ್ ಕೊಡುವುದು ಅಂದರೆ ಈ ತೀರ್ಮಾನದ ಹಕ್ಕನ್ನು ಕೊಡುವುದು. ಅದನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡು ಬರೀ ಫೈಲ್ ಕಳಿಸಿದರೆ ಹಳೆಯ ಕತೆಯೇ ಮುಂದುವರಿಯುತ್ತದೆ. ಈ ಕೆಲಸದಲ್ಲಿ ನಮಗೆ ಇದಕ್ಕಿಂತ ಮುಖ್ಯವಾದದ್ದು ಯಾವುದೂ ಇಲ್ಲ.

ಈ ಧ್ವನಿಗಳು ಊರು ಬಿಟ್ಟು ಹೋದದ್ದು ಹೇಗೆ?

ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. 1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅನ್ನುವವರು ಅಮೆರಿಕದ ಮೇನ್ ರಾಜ್ಯಕ್ಕೆ ಹೋಗಿ ಪಾಸಾಮಕ್ವಾಡಿ ಜನರ ಹಾಡು ಮತ್ತು ಕತೆಗಳನ್ನು ಮೇಣದ ಸಿಲಿಂಡರ್ ಮೇಲೆ ಹಿಡಿದರು. ಒಂದು ಜನಾಂಗದ ನಡುವೆ ಹೋಗಿ ಮಾಡಿದ ರೆಕಾರ್ಡಿಂಗ್‌ಗಳಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ. 1899ರಲ್ಲಿ ವಿಯೆನ್ನಾದಲ್ಲಿ, 1900ರಲ್ಲಿ ಬರ್ಲಿನ್‌ನಲ್ಲಿ ಧ್ವನಿ ಸಂಗ್ರಹಾಲಯಗಳು ಶುರುವಾದವು. ಆಮೇಲೆ ಲೋಕದ ಮೂಲೆ ಮೂಲೆಯಿಂದ ಸಿಲಿಂಡರುಗಳು ಅಲ್ಲಿಗೆ ಹರಿದು ಬಂದವು.

ನಮ್ಮ ದೇಶದ್ದೂ ಹೋಯಿತು. ಬ್ರಿಟಿಷ್ ಅಧಿಕಾರಿ ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆಯ ಭಾಗವಾಗಿ 1913ರಿಂದ 1929ರ ನಡುವೆ ಭಾರತದ ಹಲವು ಭಾಷೆಗಳನ್ನು ಗ್ರಾಮೊಫೋನ್ ತಟ್ಟೆಗಳ ಮೇಲೆ ಹಿಡಿದರು. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ತಿರುಗಿ ಹಾಡು ರೆಕಾರ್ಡ್ ಮಾಡಿದರು, ಮೂಕಿ ಚಿತ್ರವನ್ನೂ ತೆಗೆದರು. ಆಮೇಲೆ ಟೇಪ್ ಬಂತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದ ಮೇಲೆ ರೆಕಾರ್ಡ್ ಮಾಡೋದು ಸಲೀಸಾಯಿತು. ನಮ್ಮ ಮೇಷ್ಟ್ರುಗಳು, ವಿದ್ಯಾರ್ಥಿಗಳು ಹೊರಟಿದ್ದು ಆಗಲೇ.

ಇವರನ್ನೆಲ್ಲ ಕಳ್ಳರು ಅನ್ನುವುದು ಸರಿಯಲ್ಲ. ಎಷ್ಟೋ ಜನ ಪ್ರೀತಿಯಿಂದ, ಕೈಯಿಂದ ದುಡ್ಡು ಹಾಕಿ ಮಾಡಿದರು. ಅವರು ಮಾಡದಿದ್ದರೆ ಇವತ್ತು ಈ ಮಾತಿಗೇ ಜಾಗ ಇರುತ್ತಿರಲಿಲ್ಲ. ಹಾಗಂತ ಹಾಡಿದವರ ಹೆಸರನ್ನೂ ಬರೆದುಕೊಳ್ಳದೆ ಬಂದದ್ದನ್ನು ಸಣ್ಣ ವಿಷಯ ಅನ್ನಲೂ ಆಗುವುದಿಲ್ಲ. ಲೇಬಲ್ ಮೇಲೆ ರೆಕಾರ್ಡ್ ಮಾಡಿದವರ ಹೆಸರು, ಮೆಷಿನ್ನಿನ ಹೆಸರು, ಊರಿನ ಹೆಸರು ಇರುತ್ತದೆ. ಹಾಡಿದವರು ಮಾತ್ರ ‘ಇಬ್ಬರು ಮುದುಕಿಯರು’.

ಪುಣೆಗೂ ಇದಕ್ಕೂ ಏನು ಸಂಬಂಧ?

ತುಂಬ ಇದೆ. ಹೊರದೇಶಕ್ಕೆ ಹೋದ ಭಾರತದ ಸಂಗೀತ ಮತ್ತು ಹಾಡುಗಳ ರೆಕಾರ್ಡಿಂಗ್ ಇಲ್ಲಿಯೂ ಸಿಗಬೇಕು ಅಂತ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಒಂದು ಕೇಂದ್ರ ಕಟ್ಟಿತು. ಹೆಸರು ಆರ್ಕೈವ್ಸ್ ಅಂಡ್ ರಿಸರ್ಚ್ ಸೆಂಟರ್ ಫಾರ್ ಎತ್ನೊಮ್ಯೂಸಿಕಾಲಜಿ. ಅದು 1982ರಲ್ಲಿ ಶುರುವಾಗಿದ್ದು ಪುಣೆಯಲ್ಲೇ. ಆಮೇಲೆ ದೆಹಲಿಗೆ, ಅಲ್ಲಿಂದ ಗುರುಗ್ರಾಮಕ್ಕೆ ಹೋಯಿತು. ಅದರ ಹಿಂದೆ ಇದ್ದ ನಜೀರ್ ಜೈರಾಜ್‌ಭಾಯ್ ಅವರು ಏಮಿ ಕ್ಯಾಟ್ಲಿನ್ ಜೊತೆ 1984ರಲ್ಲಿ ಬಾಕೆಯ ಜಾಡು ಹಿಡಿದು ಹೊರಟರು. 1938ರ ದಾಖಲೆ ಹಿಡಿದುಕೊಂಡು ದಕ್ಷಿಣದ ಅದೇ ಊರುಗಳಿಗೆ ಹೋಗಿ, ಏನು ಉಳಿದಿದೆ, ಏನು ಬದಲಾಗಿದೆ ಅಂತ ನೋಡಿದರು. ಇದೇ ಕೇಂದ್ರ ಮುಂದೆ ರಾಜಸ್ಥಾನ ಮತ್ತು ಗೋವಾದ ಕಲಾವಿದ ಸಮುದಾಯಗಳ ಜೊತೆ ಸೇರಿ, ಅವರ ಸಂಗೀತದ ದಾಖಲೆ ಅವರಿಗೇ ಉಪಯೋಗಕ್ಕೆ ಬರುವ ಹಾಗೆ ಕೆಲಸ ಮಾಡಿತು.

ಇನ್ನೊಂದು ಪುಣೆಯ ಕೆಲಸವನ್ನು ಹೇಳಲೇಬೇಕು. ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತವ್ಯಾಂ ಇಬ್ಬರೂ ಮಹಾರಾಷ್ಟ್ರದ ಹಳ್ಳಿ ಹೆಂಗಸರ ಬೀಸುವ ಕಲ್ಲಿನ ಪದಗಳನ್ನು, ಅಂದರೆ ಓವಿಗಳನ್ನು ಕೂಡಿಸಿದರು. ಒಂದು ಲಕ್ಷಕ್ಕೂ ಜಾಸ್ತಿ ಓವಿಗಳು! ಈಗ ಅವು ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ ಅನ್ನುವ ಜಾಲತಾಣದಲ್ಲಿ ಸಿಗುತ್ತವೆ. ಆ ತಂಡದವರು ಮತ್ತೆ ಹಳ್ಳಿಗಳಿಗೆ ಹೋಗಿ ಹಾಡಿದ ಹೆಂಗಸರನ್ನು ಕಂಡು ಫೋಟೊ, ವಿಡಿಯೊ ಮಾಡಿದ್ದಾರೆ. ಪ್ರತಿ ಓವಿಯ ಜೊತೆ ಹಾಡಿದವಳ ಹೆಸರು, ಊರು ಇದೆ. ಓವಿ ಹಾಡಿದವರೆಲ್ಲ ಆದಿವಾಸಿಗಳಲ್ಲ, ರೈತ ಹೆಂಗಸರೇ ಹೆಚ್ಚು. ಆದರೆ ಹಾಡನ್ನು ಹಾಡಿದವರಿಂದ ಬಿಡಿಸದೆ ಇಡುವುದು ಹೇಗೆ ಅಂತ ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಹತ್ತಿರದಲ್ಲಿ ಸಿಕ್ಕಿಲ್ಲ.

ನಮ್ಮ ಮನೆಯಲ್ಲಿ ಕ್ಯಾಸೆಟ್ ಇದೆ. ಮೊದಲು ಏನು ಮಾಡಲಿ?

ಮೊದಲು, ಹಾಕಿ ಕೇಳಬೇಡಿ. ಆಸೆ ಆಗುತ್ತದೆ, ಗೊತ್ತು. ಅಪ್ಪನ ದನಿಯೂ ಅದರಲ್ಲಿ ಇರಬಹುದು. ಆದರೆ ಎಷ್ಟೋ ಟೇಪುಗಳು ಇನ್ನು ಒಂದೇ ಸಲ ಓಡುವ ಸ್ಥಿತಿಯಲ್ಲಿ ಇರುತ್ತವೆ. ಆ ಒಂದು ಸಲ ಸರಿಯಾದ ಮೆಷಿನ್ನಿನಲ್ಲಿ, ಕಂಪ್ಯೂಟರಿಗೆ ಇಳಿಯುತ್ತಾ ಓಡಬೇಕು.

ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಎರಡನ್ನೂ ಮುರಿಯಿರಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಟೇಪಿನ ಹಿಂದೆ ಒಂದು ಚಿಕ್ಕ ಉಣ್ಣೆಯ ಪ್ಯಾಡ್ ಇದೆಯಾ ನೋಡಿ. ಅದು ಉದುರಿದ್ದರೆ ದನಿ ಕ್ಷೀಣವಾಗಿ ಬರುತ್ತದೆ, ಬೇರೆ ಚಿಪ್ಪಿಗೆ ಹಾಕಿಸಬೇಕು. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಪುಣೆಯ ಮಳೆಗಾಲದಲ್ಲಿ ಅಟ್ಟದ ಮೇಲೆ ಇಟ್ಟದ್ದಕ್ಕೆ ಬೂಷ್ಟು ಬಾರದೆ ಇರುತ್ತದಾ? ಮುಂಬೈ, ಗೋವಾದಲ್ಲಂತೂ ಕೇಳಲೇಬೇಡಿ. ಬೂಷ್ಟು ಹಿಡಿದದ್ದನ್ನು ಬೇರೆ ಕ್ಯಾಸೆಟ್ಟುಗಳಿಂದ ದೂರ ಇಡಿ, ಮಾಸ್ಕ್ ಹಾಕಿಕೊಂಡು ಮುಟ್ಟಿ, ನೀವೇ ಒರೆಸಲು ಹೋಗಬೇಡಿ.

ದೊಡ್ಡ ಚಕ್ರದ ಸ್ಪೂಲ್ ಟೇಪ್ ಆದರೆ ಮೂಗಿನ ಹತ್ತಿರ ಹಿಡಿದು ನೋಡಿ. ವಿನೆಗರ್ ವಾಸನೆ ಬಂದರೆ ಟೇಪಿನ ಬುಡವೇ ಹಾಳಾಗುತ್ತಿದೆ ಅಂತ ಅರ್ಥ. ಅದಕ್ಕೆ ಮೊದಲ ಸರದಿ. 1970, 80ರ ದಶಕದ ಕೆಲವು ಸ್ಪೂಲುಗಳಲ್ಲಿ ಅಂಟು ತೇವ ಹೀರಿಕೊಂಡು ಜಿಗುಟಾಗಿರುತ್ತದೆ. ಓಡಿಸಿದರೆ ಕಿರುಗುಟ್ಟಿ ನಿಲ್ಲುತ್ತದೆ, ಮೇಲಿನ ಪದರ ಕಿತ್ತು ಬರುತ್ತದೆ. ಅದನ್ನು ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ ಸರಿಮಾಡುವ ಕ್ರಮ ಇದೆ. ಅದು ತಿಳಿದವರ ಕೆಲಸ, ಅಡುಗೆಮನೆಯ ಓವನ್ನಿನಲ್ಲಿ ಪ್ರಯತ್ನ ಬೇಡ.

ಡಬ್ಬಿ, ಚೀಟಿ, ನೋಟ್‌ಬುಕ್, ಬಸ್ ಟಿಕೆಟ್ ಯಾವುದನ್ನೂ ಎಸೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಪುಣೆಯ ಕೋಥ್ರೂಡಿನ ಒಂದು ಮನೆಯಿಂದ ಬಂದ ಕ್ಯಾಸೆಟ್ಟಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಬರೆದದ್ದು ಇಷ್ಟೇ: ‘ಹೆಂಗಸರ ಪದ, ಮಳೆ ಶುರು’. ಯಾವ ಊರು ಅಂತ ಇಲ್ಲ. ಅದರ ಡಬ್ಬಿಯೊಳಗೆ ಮಡಚಿಟ್ಟ ಒಂದು ಹೋಟೆಲ್ ಬಿಲ್ ಸಿಕ್ಕಿತು, ಅಂಕೋಲೆಯದು. ಆಮೇಲೆ ಟೇಪಿನಲ್ಲಿ ಯಾರೋ ಗೇರುಬೀಜದ ರೇಟು ಮಾತಾಡುವಾಗ ಒಂದು ಕೇರಿಯ ಹೆಸರು ಬಂತು. ಎರಡೂ ಸೇರಿ ದಾರಿ ತೋರಿಸಿದವು. ರೆಕಾರ್ಡ್ ಮಾಡಿದವರು ಮನೆಯಲ್ಲಿ ಇನ್ನೂ ಇದ್ದರೆ, ಇವತ್ತೇ ಅವರ ಪಕ್ಕ ಕೂತು ನೆನಪಿದ್ದದ್ದನ್ನೆಲ್ಲ ಕೇಳಿ ಬರೆದುಕೊಳ್ಳಿ. ಟೇಪಿಗಿಂತ ಅವಸರ ಅದಕ್ಕಿದೆ.

ಸ್ಟೇಶನ್ ಹತ್ತಿರದ ಅಂಗಡಿಯಲ್ಲಿ ಎಂಪಿ3 ಮಾಡಿಸಿದರೆ ಸಾಕಲ್ವಾ?

ಕೇಳೋದಕ್ಕೆ ಸಾಕು, ಕಾಪಿಡೋದಕ್ಕೆ ಸಾಲದು. ಎಂಪಿ3 ದನಿಯ ಒಂದಿಷ್ಟು ಭಾಗವನ್ನು ಎಸೆದು ಫೈಲನ್ನು ಚಿಕ್ಕದು ಮಾಡುತ್ತದೆ. ಎಸೆದದ್ದು ಮತ್ತೆ ಸಿಗುವುದಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾತಿನಂತೆ ಮೂಲ ಪ್ರತಿ, ದನಿಯಲ್ಲಿ ಏನನ್ನೂ ಎಸೆಯದ ವೇವ್ ಫೈಲ್ ಆಗಿರಬೇಕು. 24 ಬಿಟ್, ಕನಿಷ್ಠ 48 ಕಿಲೊಹರ್ಟ್ಸ್, ಸಾಧ್ಯವಾದರೆ 96. 96ರಲ್ಲಿ ಮಾಡಿದರೆ ಒಂದು ಗಂಟೆಯ ಸ್ಟೀರಿಯೊ ರೆಕಾರ್ಡಿಂಗ್ ಸುಮಾರು 2 ಜಿಬಿ ಆಗುತ್ತದೆ. ಹಾರ್ಡ್‌ಡಿಸ್ಕ್ ಈಗ ಅಷ್ಟೇನೂ ದುಬಾರಿ ಅಲ್ಲ.

ಇನ್ನೊಂದು ವಿಷಯ. ಅಂಗಡಿಯವರು ಸುಮ್ನೆ ಒಳ್ಳೆಯ ಮನಸ್ಸಿನಿಂದ ‘ಗಲಾಟೆ ತೆಗೆದಿದ್ದೀನಿ ಸಾರ್’ ಅನ್ನುತ್ತಾರೆ. ಮೂಲ ಪ್ರತಿಯಲ್ಲಿ ಏನನ್ನೂ ತೆಗೆಸಬೇಡಿ. ನಾಯಿ ಬೊಗಳಿದ್ದು, ಮಗು ಅತ್ತದ್ದು, ‘ಮುಂದೆ ಹೇಳಿ ಅಜ್ಜಿ’ ಅಂತ ಮೇಷ್ಟ್ರು ಕೇಳಿದ್ದು, ‘ಅದ್ನ ಹಗಲೊತ್ತು ಹೇಳೂಕಾಗ’ ಅಂತ ಅಜ್ಜಿ ಅಂದದ್ದು, ಎಲ್ಲವೂ ಬೇಕು. ಆ ಕೊನೆಯ ಮಾತಿನ ಮೇಲೆ ಎಷ್ಟೋ ತೀರ್ಮಾನ ನಿಂತಿರುತ್ತದೆ. ಶುಚಿ ಮಾಡಿದ ಪ್ರತಿ ಬೇಕಿದ್ದರೆ ಬೇರೆಯಾಗಿ ಮಾಡಿ.

ಡಿಜಿಟಲ್ ಆದ ಮೇಲೆ ಕ್ಯಾಸೆಟ್ ಎಸೆಯಬಾರದು. ಹಾಗಂತ ನಿಧಾನ ಮಾಡಲೂ ಬಾರದು. ಟೇಪ್ ಓಡಿಸುವ ಮೆಷಿನ್ನು, ಬಿಡಿ ಭಾಗ, ರಿಪೇರಿ ಮಾಡುವವರು ಎಲ್ಲ ಕಡಿಮೆಯಾಗುತ್ತಿದ್ದಾರೆ. 2019ರಲ್ಲೇ ಯುನೆಸ್ಕೊ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಯೂಟ್ಯೂಬ್‌ಗೆ ಹಾಕಿಬಿಟ್ಟರೆ ಎಲ್ಲರಿಗೂ ಸಿಗುತ್ತಲ್ಲ?

ಹೌದು, ಎಲ್ಲರಿಗೂ ಸಿಗುತ್ತದೆ. ನಮ್ಮ ಭಯ ಅದೇ. ಎಲ್ಲ ಹಾಡೂ ಎಲ್ಲರಿಗಾಗಿ ಹುಟ್ಟಿದ್ದಲ್ಲ. ಸಾವಿನ ಮನೆಯಲ್ಲಿ ಮಾತ್ರ ಹೇಳುವ ಪದ ಇರುತ್ತದೆ. ಹೆಂಗಸರು ಹೆಂಗಸರ ನಡುವೆಯೇ ಹೇಳುವ ಪದ ಇರುತ್ತದೆ. ದೇವರ ಕೆಲಸ ಮಾಡುವವರ ಬಾಯಲ್ಲಿ ಮಾತ್ರ ಬರಬೇಕಾದದ್ದು ಇರುತ್ತದೆ. ಕಾಡಿನ ಔಷಧಿಯ ಗುಟ್ಟು ಕತೆಯೊಳಗೆ ಬಂದಿರುತ್ತದೆ. ಆವತ್ತು ಮೇಷ್ಟ್ರ ಮೇಲಿನ ಅಕ್ಕರೆಗೆ ಹಾಡಿದ್ದನ್ನು ಇವತ್ತು ಲೋಕಕ್ಕೆಲ್ಲ ಹಂಚೋದಕ್ಕೆ ಒಪ್ಪಿಗೆ ಅಂದುಕೊಳ್ಳುವ ಹಾಗಿಲ್ಲ.

ಆಸ್ಟ್ರೇಲಿಯಾದಲ್ಲಿ ಇದನ್ನು ಚೆನ್ನಾಗಿ ಯೋಚಿಸಿದ್ದಾರೆ. ಅಲ್ಲಿನ ಹಲವು ಆದಿವಾಸಿ ಸಮುದಾಯಗಳಲ್ಲಿ ತೀರಿಹೋದವರ ದನಿ ಕೇಳುವುದು, ಚಿತ್ರ ನೋಡುವುದು ಸಂಕಟದ ವಿಷಯ. ಅದಕ್ಕೇ ಅಲ್ಲಿ ಮೊದಲೇ ಎಚ್ಚರಿಕೆಯ ಮಾತು ಹಾಕುತ್ತಾರೆ. ಟೆನಂಟ್ ಕ್ರೀಕ್‌ನ ವಾರುಮುಂಗು ಜನರ ಜೊತೆ ಕೂತು ಮಾಡಿದ ಕೆಲಸದಿಂದ ಮುಕುರ್ತು ಅನ್ನುವ ಸಾಫ್ಟ್‌ವೇರ್ ಬೆಳೆಯಿತು. ಯಾವುದನ್ನು ಯಾರು ನೋಡಬಹುದು ಅಂತ ಅದರಲ್ಲಿ ಸಮುದಾಯದವರೇ ಗೊತ್ತುಮಾಡಬಹುದು. ಅದು ಉಚಿತವಾಗಿ ಸಿಗುತ್ತದೆ. ಹಾಡಿದವರ ಕಡೆಯಿಂದ ಹೂಂ ಅಂತ ಬರುವವರೆಗೆ ನಾವು ಒಂದು ನಿಮಿಷದ ತುಣುಕನ್ನೂ ವಾಟ್ಸಾಪಿನಲ್ಲಿ ಹಾಕುವುದಿಲ್ಲ. ನೀವೂ ಹಾಕಬೇಡಿ.

ಸರಿ, ಯಾರ ಕೈಗೆ ಕೊಡೋದು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಅವಸರದ ಉತ್ತರ ಕೊಟ್ಟರೆ ಊರಿನಲ್ಲಿ ಜಗಳ ಹಚ್ಚಿದ ಹಾಗಾಗುತ್ತದೆ.

ಮೊದಲ ಹಕ್ಕು ಹಾಡಿದವರದು, ಅವರಿಲ್ಲದಿದ್ದರೆ ಅವರ ಮನೆಯವರದು. ಅದರ ಜೊತೆಗೇ ಸಮುದಾಯದ್ದು. ಇವೆರಡೂ ಯಾವಾಗಲೂ ಒಂದೇ ಅಲ್ಲ. ಒಬ್ಬ ಅಜ್ಜಿಯ ಜೋಗುಳ ಆ ಮನೆಯದು ಅನ್ನಬಹುದು. ಸುಗ್ಗಿಯ ಹಾಡು ಇಡೀ ಸೀಮೆಯದು. ಹಾಲಕ್ಕಿ ಒಕ್ಕಲಿಗರಲ್ಲಿ ಊರಗೌಡರು, ಬುದವಂತರು ಅಂತ ಇರುತ್ತಾರೆ. ಸೋಲಿಗರಲ್ಲಿ ಪೋಡಿನ ಯಜಮಾನರು, ಪೂಜೆ ಮಾಡುವ ತಮ್ಮಡಿ ಇರುತ್ತಾರೆ. ಇವರನ್ನು ದಾಟಿ ಹೋಗುವುದು ಮರ್ಯಾದೆ ಅಲ್ಲ. ಆದರೆ ಇವರೊಬ್ಬರನ್ನೇ ಕೇಳಿ ಬರುವುದೂ ಸಾಲದು. ಯಾಕೆಂದರೆ ಊರಿನ ಹಿರಿಯರು ಅಂದರೆ ಸಾಮಾನ್ಯವಾಗಿ ಗಂಡಸರು. ಟೇಪಿನಲ್ಲಿ ಹಾಡಿದವರು ಮುಕ್ಕಾಲು ಪಾಲು ಹೆಂಗಸರು. ಆದ್ದರಿಂದ ಹಿರಿಯರಿಗೆ ಮೊದಲು ತಿಳಿಸುತ್ತೇವೆ, ಹೆಂಗಸರ ಜೊತೆ ಬೇರೆಯಾಗಿ ಕೂರುತ್ತೇವೆ. ನಮ್ಮಲ್ಲಿ ಹೋಗುವವರಲ್ಲೂ ಒಬ್ಬರಾದರೂ ಹೆಂಗಸರು ಇರಲೇಬೇಕು.

ಅಂಕೋಲೆಯ ಕಡೆ ಒಂದು ಅಂಗಳದಲ್ಲಿ ಕೂತದ್ದನ್ನು ಹೇಳುತ್ತೇನೆ. ಮೆಮೊರಿ ಕಾರ್ಡ್ ಹಾಕುವ ಒಂದು ಪುಟ್ಟ ಸ್ಪೀಕರ್ ಇತ್ತು. ಮದುವೆಯ ಪದ ಶುರುವಾಯಿತು. ಮೊದಲ ಸಾಲಿಗೆ ಎಲ್ಲರೂ ಸುಮ್ಮನಿದ್ದರು. ಎರಡನೆಯ ಸಾಲು ಟೇಪಿನಲ್ಲಿ ಬರುವ ಮೊದಲೇ ಮೂಲೆಯಲ್ಲಿ ಕೂತ ಒಬ್ಬ ಅಜ್ಜಿಯ ಬಾಯಲ್ಲಿ ಬಂತು. ಮೂರನೆಯ ಸಾಲಿಗೆ ಜಗಳ. ಟೇಪಿನಲ್ಲಿ ಇರೋದು ತಪ್ಪು, ನಮ್ಮ ಕೊಪ್ಪದಲ್ಲಿ (ಕೊಪ್ಪ ಅಂದರೆ ಹಾಲಕ್ಕಿಗಳ ಕೇರಿ) ಹೀಗೆ ಹೇಳೋದಿಲ್ಲ ಅಂತ ಒಬ್ಬರು. ತಪ್ಪಲ್ಲ, ಆಚೆ ಕೊಪ್ಪದವರ ಕಟ್ಟು ಅದು ಅಂತ ಇನ್ನೊಬ್ಬರು. ಅಷ್ಟರಲ್ಲಿ ಒಬ್ಬ ಹೆಂಗಸು, ಇದು ನಮ್ಮ ದೊಡ್ಡಮ್ಮನ ಗಂಟಲು, ನಿಲ್ಲಿಸಬೇಡಿ ಅಂದರು. ಆ ಒಂದು ಹೊತ್ತಿನಲ್ಲಿ ಹಾಡಿದವರ ಹೆಸರು, ಅವರ ತವರು, ಆ ಪದವನ್ನು ಮದುವೆಯ ಯಾವ ಹೊತ್ತಿನಲ್ಲಿ ಹೇಳುತ್ತಾರೆ ಅನ್ನುವುದು ಎಲ್ಲ ಗೊತ್ತಾಯಿತು. ಪುಣೆಯಲ್ಲಿ ಕೂತು ವರ್ಷಗಟ್ಟಲೆ ಕೇಳಿದರೂ ಇದು ನಮಗೆ ದಕ್ಕುತ್ತಿರಲಿಲ್ಲ. ಮೊದಲ ದಿನ ಏನನ್ನೂ ತೀರ್ಮಾನ ಮಾಡಬೇಡಿ, ಬರೀ ಕೇಳಿಸಿ ಅಂತ ನಾವು ಹೇಳುವುದು ಇದಕ್ಕೇ.

ಒಪ್ಪಿದ ಮೇಲೆ ಪ್ರತಿಗಳು ಒಂದೇ ಕೈಯಲ್ಲಿ ಇರಬಾರದು. ಹಾಡಿದವರ ಮನೆಗೆ ಒಂದು, ಊರಿನ ಹಿರಿಯರೋ ಸಂಘವೋ ಹೇಳಿದ ಕಡೆ ಒಂದು, ಮತ್ತೆ ಅವರು ಒಪ್ಪಿದರೆ ಮಾತ್ರ ದೊಡ್ಡ ಸಂಗ್ರಹಾಲಯದಲ್ಲಿ ಒಂದು. ಘಟ್ಟದ ಊರುಗಳಲ್ಲಿ ನೆಟ್ ಸಿಗುವುದು ಕಷ್ಟ. ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹಾಡಿನ ಪಟ್ಟಿ ದೊಡ್ಡ ಅಕ್ಷರದ ಕನ್ನಡದಲ್ಲಿ ಪ್ರಿಂಟ್ ಹಾಕಿಸಿ ಕೊಡಿ.

ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲವಲ್ಲ. ಅವರೂ ಇದರಲ್ಲಿ ಬರುತ್ತಾರಾ?

ಬರುತ್ತಾರೆ. ಸರ್ಕಾರದ ಪಟ್ಟಿ ನಮಗೆ ಅಳತೆ ಅಲ್ಲ. ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಗೆ ಸೇರಿದ್ದೇ 2003ರಲ್ಲಿ. ಗೋವಾದ ಗಾವಡಾ, ಕುಣಬಿ, ವೇಳಿಪರು ಸೇರಿದ್ದೂ ಅದೇ ವರ್ಷ. ಅದಕ್ಕೆ ಮುಂಚೆ ಅವರ ಹಾಡು ಅವರದಲ್ಲ ಅನ್ನೋಕೆ ಆಗುತ್ತದಾ? ಹಾಲಕ್ಕಿಗಳು ಇನ್ನೂ ಕೇಳುತ್ತಲೇ ಇದ್ದಾರೆ.

ಕಾನೂನು ಏನು ಹೇಳುತ್ತದೆ? ಕ್ಯಾಸೆಟ್ ಅಪ್ಪನದು, ಅಂದರೆ ಈಗ ನನ್ನದು ಅಲ್ವಾ?

ಪ್ಲಾಸ್ಟಿಕ್ ನಿಮ್ಮದು. ರೆಕಾರ್ಡಿಂಗ್ ಮೇಲೂ ಅಪ್ಪನಿಗೆ, ಅವರ ನಂತರ ನಿಮಗೆ ಒಂದು ಹಕ್ಕು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಅದೇ ಕಾಯ್ದೆಯಲ್ಲಿ ಹಾಡಿದವರಿಗೂ ಪ್ರದರ್ಶಕರ ಹಕ್ಕು ಅಂತ ಇದೆ, 50 ವರ್ಷದ್ದು. ತಲೆಮಾರುಗಳಿಂದ ಬಂದ ಹಾಡಿನ ಮೇಲೆ ಒಂದು ಸಮುದಾಯಕ್ಕೆ ಇರಬೇಕಾದ ಹಕ್ಕನ್ನು ಮಾತ್ರ ಆ ಕಾಯ್ದೆ ಗುರುತಿಸುವುದಿಲ್ಲ. ಕಾನೂನಿನ ದೊಡ್ಡ ಕೊರತೆ ಇದು.

ಬೇರೆ ಕಡೆ ಸ್ವಲ್ಪ ಬೆಳಕು ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ತಿಳಿವಿನ ಮೇಲೆ ಕಾಡಿನ ಸಮುದಾಯಗಳಿಗೆ ಹಕ್ಕು ಕೊಡುತ್ತದೆ. 2007ರ ವಿಶ್ವಸಂಸ್ಥೆಯ ಆದಿವಾಸಿ ಹಕ್ಕುಗಳ ಘೋಷಣೆಯ 31ನೇ ವಿಧಿ ತಮ್ಮ ಪರಂಪರೆಯನ್ನು ಕಾಪಾಡುವ, ಅದರ ಮೇಲೆ ಹಿಡಿತ ಇಟ್ಟುಕೊಳ್ಳುವ ಹಕ್ಕನ್ನು ಹೇಳುತ್ತದೆ. ಭಾರತ ಅದರ ಪರವಾಗಿ ಮತ ಹಾಕಿದೆ.

ನಮ್ಮ ಸಲಹೆ ಇಷ್ಟು: ನಿಮ್ಮ ಪಾಲಿನ ಹಕ್ಕನ್ನು ಊರಿನವರಿಗೆ ಬಿಟ್ಟುಕೊಡುತ್ತೇನೆ ಅಂತ ಒಂದು ಪುಟದ ಪತ್ರ ಬರೆದು ಸಹಿ ಮಾಡಿ. ಕನ್ನಡದಲ್ಲಿ ಬರೆಯಿರಿ, ಅವರಿಗೆ ಓದಿ ಹೇಳಿ.

ಹಾಡಿದವರು ತೀರಿಕೊಂಡಿದ್ದರೆ?

ಮನೆಯವರನ್ನು ಮೊದಲು ಒಬ್ಬರೇ ಕೂತಾಗ ಕೇಳಿ. ಜಾತ್ರೆಯಲ್ಲಿ, ಸಭೆಯಲ್ಲಿ ದಿಢೀರಂತ ಅಮ್ಮನ ದನಿ ಕೇಳಿಸಬೇಡಿ. ಕೆಲವರು ಅಳುತ್ತಾರೆ, ಕೆಲವರು ಇವತ್ತು ಬೇಡ ಅನ್ನುತ್ತಾರೆ. ಎರಡಕ್ಕೂ ಜಾಗ ಕೊಡಿ.

ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಂಕೋಲೆಯ ಬಡಗೇರಿಯ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡರು, ಹಾಲಕ್ಕಿ ಹಾಡುಗಳ ಕಣಜವೇ ಆಗಿದ್ದರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರಂಥವರು ಹೋದ ಮೇಲೆ ಟೇಪಿನಲ್ಲಿ ಹಾಡು ಉಳಿಯಬಹುದು. ಯಾವ ಪದ ಯಾವ ಕೆಲಸಕ್ಕೆ, ಯಾರ ಎದುರು ಹೇಳಬಾರದು ಅಂತ ಹೇಳುವವರು ಉಳಿಯುವುದಿಲ್ಲ. ಇಂಥ ಟೇಪುಗಳನ್ನು ಮುಂದಿನ ದೀಪಾವಳಿ ರಜೆಗೆ ನೋಡೋಣ ಅಂತ ಇಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಕೊಟ್ಟ ಮೇಲೆ ನಿಜವಾಗಲೂ ಹಾಡು ಮತ್ತೆ ಚಿಗುರುತ್ತಾ?

ಕೆಲವು ಕಡೆ ಚಿಗುರಿದೆ. ಅಮೆರಿಕದ ಒಮಾಹಾ ಜನರ ಹಾಡುಗಳನ್ನು 1890ರ ದಶಕದಿಂದ ಆಲಿಸ್ ಫ್ಲೆಚರ್ ಮತ್ತು ಫ್ರಾನ್ಸಿಸ್ ಲಾ ಫ್ಲೆಶ್ ಮೇಣದ ಸಿಲಿಂಡರ್ ಮೇಲೆ ಹಿಡಿದಿದ್ದರು. ಲಾ ಫ್ಲೆಶ್ ತಾವೇ ಒಮಾಹಾ. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 1979ರಲ್ಲಿ ಇಂಥ ಸಿಲಿಂಡರುಗಳನ್ನು ಟೇಪಿಗೆ ಇಳಿಸುವ ಯೋಜನೆ ಶುರುಮಾಡಿತು. 1983ರಲ್ಲಿ ಒಮಾಹಾ ಜನರ ದೊಡ್ಡ ಕೂಟದಲ್ಲೇ ಆ ಧ್ವನಿಗಳು ಅವರ ಕೈಗೆ ಬಂದವು. ಪಾಸಾಮಕ್ವಾಡಿ ಜನ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1890ರ ಆ ರೆಕಾರ್ಡಿಂಗ್‌ಗಳಲ್ಲಿ ಯಾವುದು ಎಲ್ಲರಿಗೆ, ಯಾವುದು ತಮ್ಮವರಿಗೆ ಮಾತ್ರ ಅಂತ ಅವರೇ ಹೇಳಿದರು. ಲೈಬ್ರರಿಯ ಪಟ್ಟಿಯಲ್ಲಿ ಅವರ ಭಾಷೆಯ ಹೆಸರು, ಅವರ ಷರತ್ತು ಸೇರಿತು. ಆ ಹಾಡುಗಳನ್ನು ಕೇಳಿ ಕಲಿತು ಮತ್ತೆ ಹಾಡುವವರು ಈಗ ಇದ್ದಾರೆ.

ಆಫ್ರಿಕಾದಲ್ಲಿ ಹ್ಯೂ ಟ್ರೇಸಿ 1950ರಲ್ಲಿ ಕೀನ್ಯಾದ ಕಿಪ್ಸಿಗಿಸ್ ಜನರ ನಡುವೆ ಮಾಡಿದ ರೆಕಾರ್ಡಿಂಗ್ ದಶಕಗಳ ನಂತರ ಅದೇ ಊರಿಗೆ ಹೋಯಿತು. ಆವತ್ತು ಹಾಡಿದವರಲ್ಲಿ ಕೆಲವರು ಇನ್ನೂ ಬದುಕಿದ್ದರು.

ಆದರೆ ರೆಕಾರ್ಡಿಂಗ್ ಒಂದೇ ಏನನ್ನೂ ಬದುಕಿಸುವುದಿಲ್ಲ. ಗುಮಟೆಯನ್ನೇ ನೋಡಿ. ಹಾಲಕ್ಕಿಗಳಲ್ಲಿ ಗುಮಟೆ ಬಾರಿಸುತ್ತಾ ಹಾಡುವ ಗುಮಟೆ ಪಾಂಗ್ ಇದೆ, ಗೋವಾದಲ್ಲಿ ಅದೇ ವಾದ್ಯಕ್ಕೆ ಘುಮಟ ಅನ್ನುತ್ತಾರೆ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡ ಹಿಡಿಯುವ ಹಾಗಿಲ್ಲ, ಅದು ಸರಿಯೇ. ಈಗ ಆಡಿನ ಚರ್ಮ ಕಟ್ಟುತ್ತಾರೆ. ಗೋವಾ ಸರ್ಕಾರ 2019ರಲ್ಲಿ ಘುಮಟವನ್ನು ರಾಜ್ಯದ ಪರಂಪರೆಯ ವಾದ್ಯ ಅಂತ ಸಾರಿದ್ದೂ ಈ ಬದಲಾವಣೆಗೆ ಜೀವ ಕೊಟ್ಟಿತು. ಹಳೆಯ ಟೇಪಿನಲ್ಲಿ ಕೇಳುವ ನಾದವೇ ಬೇರೆ. ಅದನ್ನು ಕೇಳಿದ ಹುಡುಗರು ಆಡಿನ ಚರ್ಮವನ್ನು ಎಷ್ಟು ಬಿಗಿ ಕಟ್ಟಿದರೆ ಆ ಹತ್ತಿರ ಬರುತ್ತದೆ ಅಂತ ಪ್ರಯೋಗ ಮಾಡುತ್ತಾರೆ. ಟೇಪಿನಿಂದ ಸಿಗುವುದು ನಾದ ಮತ್ತು ಲಯ. ಮಣ್ಣು ಹದ ಮಾಡುವ ಕೈ, ಕುಣಿಯುವ ಅಂಗಳ, ಸುಗ್ಗಿಯ ಹೊತ್ತಿಗೆ ಊರಿಗೆ ಬರುವ ಬಿಡುವು, ಇವು ಊರಿನಲ್ಲೇ ಇರಬೇಕು. ಹಾಗೆಯೇ, ಸಿದ್ದಿಗಳ ಡಮಾಮಿ ವಾದ್ಯ ಹಿಡಿಯುವ ಹುಡುಗನಿಗೆ ಯಲ್ಲಾಪುರದಲ್ಲಿ ಕೆಲಸ ಸಿಗದೆ ಗೋವಾದ ಕಟ್ಟಡ ಕೆಲಸಕ್ಕೆ ಬಂದರೆ, ಮನೆಯಲ್ಲಿ ಎಷ್ಟು ಟೇಪ್ ಇದ್ದರೂ ಕಲಿಸುವವರು ಯಾರು, ಕಲಿಯುವವರು ಯಾರು?

ಅವರು ಬೇಡ ಅಂದರೆ?

ಬೇಡ ಅಂದರೆ ಬೇಡ. ಮುಂದೆ ಯಾವತ್ತಾದರೂ ಬೇಕೆನಿಸಿದರೆ ಎಲ್ಲಿದೆ ಅಂತ ತಿಳಿಸಿ, ಸುರಕ್ಷಿತವಾಗಿ ಇಡಿ. ಅಳಿಸಿ ಅಂದರೆ ಅದನ್ನೂ ಒಪ್ಪಿಕೊಳ್ಳಬೇಕು ಅನ್ನುವುದು ನನ್ನ ನಿಲುವು. ನಮ್ಮ ಗುಂಪಿನಲ್ಲಿ ಎಲ್ಲರೂ ಇದನ್ನು ಒಪ್ಪುವುದಿಲ್ಲ.

ದುಡ್ಡು ಯಾರು ಕೊಡುತ್ತಾರೆ?

ಸದ್ಯಕ್ಕೆ ನಾವು ನಾವೇ ಹಾಕುತ್ತೇವೆ. ಹಾಡಿದವರ ಮನೆಯವರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಒಂದು ದಿನ ಕೂತು ಹಾಡಿನ ಅರ್ಥ ಹೇಳಿದವರಿಗೆ ಆ ದಿನದ ಕೂಲಿ ಕೊಡಲೇಬೇಕು. ಅವರು ಗದ್ದೆ ಕೆಲಸ ಬಿಟ್ಟು ಬಂದಿರುತ್ತಾರೆ. ಮುಂದೆ ಆ ಹಾಡಿನಿಂದ ಯಾರಿಗಾದರೂ ದುಡ್ಡು ಹುಟ್ಟಿದರೆ ಅದು ಅವರದು ಅಂತ ಪತ್ರದಲ್ಲೇ ಬರೆಯುತ್ತೇವೆ.

ನನ್ನ ಹತ್ತಿರ ಟೇಪ್ ಇಲ್ಲ. ಪುಣೆಯಲ್ಲಿ ಇದ್ದೇನೆ, ಕನ್ನಡ ಬರುತ್ತದೆ. ಏನು ಮಾಡಬಹುದು?

ಕನ್ನಡ ಬರುವುದೇ ಇಲ್ಲಿ ದೊಡ್ಡ ಬಲ. ಕನ್ನಡ ಬಾರದವರು ಪಟ್ಟಿ ಮಾಡಿದ ಕಡೆ ಎಷ್ಟೋ ಟೇಪುಗಳ ಎದುರು ‘ಕನ್ನಡ ಜಾನಪದ ಗೀತೆ’ ಅಂತ ಮಾತ್ರ ಇರುತ್ತದೆ. ಹಾಲಕ್ಕಿಗಳ ಕನ್ನಡ, ಸೋಲಿಗರ ನುಡಿ, ಸಿದ್ದಿಗಳ ಕೊಂಕಣಿ ಬೆರೆತ ಮಾತು, ಎಲ್ಲ ಆ ಒಂದೇ ಸಾಲಿನಲ್ಲಿ ಮುಳುಗಿಹೋಗಿದೆ. ಹಳೆಯ ಕೈಬರಹದ ಚೀಟಿ ಓದಿ ಟೈಪ್ ಮಾಡುವವರು ಬೇಕು. ಟೇಪ್ ಕೇಳಿ, ಮಾತಿನ ನಡುವೆ ಬರುವ ಊರು, ಹೊಳೆ, ಜಾತ್ರೆ, ಮನೆತನದ ಹೆಸರು ಹೆಕ್ಕುವವರು ಬೇಕು. ಕುಮಟೆ, ಅಂಕೋಲೆ, ಮುಂಡಗೋಡ, ಹಳಿಯಾಳದ ಕಡೆಯವರಾದರೆ ನಿಮ್ಮ ಕಿವಿಗೆ ಬೆಲೆ ಕಟ್ಟೋಕೆ ಆಗುವುದಿಲ್ಲ. ಹಾಡನ್ನು ಅಕ್ಷರಕ್ಕೆ ಇಳಿಸುವುದು ಮಾತ್ರ ಊರಿನವರ ಜೊತೆ ಕೂತೇ ಆಗಬೇಕು.

ಊರಿಗೆ ಹೋದಾಗ ನಾವೇ ಹೊಸದಾಗಿ ರೆಕಾರ್ಡ್ ಮಾಡಿಕೊಂಡು ಬರಬಹುದಾ?

ಅವರು ಕರೆದರೆ ಮಾಡಿ. ಅದಕ್ಕಿಂತ ಒಳ್ಳೆಯದು ಅಂದರೆ ಆ ಊರಿನ ಹುಡುಗ ಹುಡುಗಿಯರ ಕೈಗೆ ರೆಕಾರ್ಡರ್ ಕೊಟ್ಟು ನೀವು ಪಕ್ಕದಲ್ಲಿ ಕೂರುವುದು. ಅಜ್ಜಿ ಮೊಮ್ಮಗಳಿಗೆ ಹೇಳುವ ಹಾಗೆ ನಮಗೆ ಹೇಳುವುದಿಲ್ಲ. ಶುರುವಿನಲ್ಲೇ ಹಾಡುವವರ ಬಾಯಿಂದಲೇ ಹೆಸರು, ಊರು, ದಿನ ಹೇಳಿಸಿ ರೆಕಾರ್ಡ್ ಮಾಡಿ. ಯಾರು ಕೇಳಬಹುದು, ಯಾರು ಕೇಳಬಾರದು ಅಂತಲೂ ಅವರೇ ಹೇಳಲಿ. ಅಲ್ಲಿಂದ ಹೊರಡುವ ಮೊದಲೇ ಒಂದು ಪ್ರತಿ ಅವರ ಫೋನಿಗೆ ಹಾಕಿಕೊಡಿ.